ವಿಫಲ ಲಾಗಿನ್ ಸೊನ್ನೆ ಅಂತ ಬರ್ತಿದೆಯಾ? ಲಿನಕ್ಸ್‌ನ ಹಳೆಯ ಲಾಗ್ ಬಿಟ್ಟು ಹೊಸದಕ್ಕೆ ಬರುವಾಗಿನ ದೋಷ ನಿವಾರಣೆ

ಸೋಮವಾರ ಬೆಳಿಗ್ಗೆ ಬರುವ ವರದಿಯಲ್ಲಿ ಒಂದು ಸಾಲು ಇತ್ತು: ‘ವಿಫಲ ಲಾಗಿನ್ 0’. ಹಿಂದಿನ ವಾರವೂ 0. ಅದರ ಹಿಂದಿನ ವಾರವೂ 0. ನಾನು ನೋಡಿಕೊಳ್ಳುವ ಆ ಸರ್ವರ್ ಇಂಟರ್‌ನೆಟ್‌ಗೆ ತೆರೆದುಕೊಂಡಿದೆ. ಅಂಥ ಯಂತ್ರದ ಬಾಗಿಲನ್ನು ಯಾರೋ ಒಬ್ಬರು ಬಡಿಯದ ದಿನವೇ ಇರುವುದಿಲ್ಲ. ವರದಿ ತಯಾರಿಸುವ ಸ್ಕ್ರಿಪ್ಟ್ ತೆರೆದು ನೋಡಿದೆ. ‘ಲಾಸ್ಟ್‌ಬಿ’ ಕಮಾಂಡ್ ಕೊಡುವ ಪಟ್ಟಿಯನ್ನು ಅದು ಸಾಲು ಎಣಿಸುವ ‘ಡಬ್ಲ್ಯೂಸಿ’ಗೆ ದಾಟಿಸುತ್ತಿತ್ತು. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನ 13ನೇ ಆವೃತ್ತಿಗೆ ಅಪ್‌ಗ್ರೇಡ್ ಆದ ಮೇಲೆ ಲಾಸ್ಟ್‌ಬಿ ಸಿಸ್ಟಂನಲ್ಲೇ ಇರಲಿಲ್ಲ. ಇಲ್ಲದ ಕಮಾಂಡ್‌ನಿಂದ ಒಂದು ಸಾಲೂ ಬರಲಿಲ್ಲ, ಎಣಿಕೆ ಸೊನ್ನೆ ಆಯಿತು. ‘ಕಮಾಂಡ್ ಸಿಗಲಿಲ್ಲ’ ಎಂಬ ದೂರು ಸ್ಕ್ರಿಪ್ಟ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಕ್ರಾನ್ ಕಳಿಸಿದ, ಯಾರೂ ತೆರೆಯದ ಮೇಲ್‌ನಲ್ಲಿ ಬಿದ್ದಿತ್ತು.

ಮೂರು ವಾರ ಬಾಗಿಲಲ್ಲಿ ಕಾವಲುಗಾರ ಇರಲಿಲ್ಲ, ಅಷ್ಟೇ. ಕಳ್ಳರು ಬಂದಿಲ್ಲ ಅಂತ ಆ ಸೊನ್ನೆಯಿಂದ ಹೇಳಲು ಆಗುವುದಿಲ್ಲ. ಈ ಬರಹದ ಉದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ. ಹಳೆಯ ಲಾಗ್ ಸುಮ್ಮನಾದಾಗ ಅದು ಸುಮ್ಮನಾಗಿದೆ ಅಂತ ನಿಮಗೆ ಯಾರೂ ಹೇಳುವುದಿಲ್ಲ. ನೀವೇ ಪರೀಕ್ಷೆ ಮಾಡಿ ಕಂಡುಕೊಳ್ಳಬೇಕು.

ಕಮಾಂಡ್, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವೇ ಹೆಸರುಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.

## ನಿವೃತ್ತಿ ಆಗುತ್ತಿರುವುದು ಯಾವುದು, ಯಾಕೆ?

ಲಿನಕ್ಸ್‌ನಲ್ಲಿ ತಪ್ಪು ಲಾಗಿನ್‌ಗಳ ಲೆಕ್ಕ ಇಡಲು ಹಳೆಯ ಕಾಲದ ಎರಡು ಏರ್ಪಾಡುಗಳಿವೆ. ಮೊದಲನೆಯದು ಯಾವ ಬಳಕೆದಾರ ಎಷ್ಟು ಸಲ ತಪ್ಪಿದ ಎಂಬ ಎಣಿಕೆ. /ವಾರ್/ಲಾಗ್ ಒಳಗಿನ ಫೇಲ್‌ಲಾಗ್ ಮತ್ತು ಟ್ಯಾಲಿಲಾಗ್ ಫೈಲುಗಳು ಇದಕ್ಕಾಗಿ ಇದ್ದವು. ಇವನ್ನು ಬಳಸಿ ಖಾತೆ ಲಾಕ್ ಮಾಡುತ್ತಿದ್ದದ್ದು ಪ್ಯಾಮ್‌ನ (ಲಾಗಿನ್ ಪರಿಶೀಲಿಸುವ ಲಿನಕ್ಸ್ ವ್ಯವಸ್ಥೆ) ಪ್ಯಾಮ್ ಟ್ಯಾಲಿ ಮತ್ತು ಪ್ಯಾಮ್ ಟ್ಯಾಲಿ2 ಎಂಬ ಮಾಡ್ಯೂಲ್‌ಗಳು. ಎರಡನೆಯದು ಬಿಟಿಎಂಪಿ ಫೈಲ್. ಪ್ರತಿಯೊಂದು ವಿಫಲ ಪ್ರಯತ್ನವೂ ಅದರಲ್ಲಿ ಒಂದೊಂದು ದಾಖಲೆ. ಅದನ್ನು ಓದಿ ಹೇಳುತ್ತಿದ್ದದ್ದು ಲಾಸ್ಟ್‌ಬಿ.

ಟ್ಯಾಲಿ ಮಾಡ್ಯೂಲ್‌ಗಳ ಜಾಗಕ್ಕೆ ಈಗ ಪ್ಯಾಮ್ ಫೇಲ್‌ಲಾಕ್ ಬಂದಿದೆ. 2020ರಲ್ಲಿ ಬಂದ ಲಿನಕ್ಸ್-ಪ್ಯಾಮ್ 1.4.0 ಆವೃತ್ತಿ ಫೇಲ್‌ಲಾಕ್ ಸೇರಿಸಿತು, ಅದೇ ವರ್ಷದ 1.5.0 ಆವೃತ್ತಿ ಟ್ಯಾಲಿಗಳನ್ನು ತೆಗೆದುಹಾಕಿತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಟ್ಯಾಲಿ2 ಅದಕ್ಕೂ ಮೊದಲೇ ಹೋಗಿತ್ತು.

ಬಿಟಿಎಂಪಿಯ ಕಥೆ ಬೇರೆ. ಅದರಲ್ಲಿ ಸಮಯ ಬರೆಯಲು ಇಟ್ಟಿರುವ ಜಾಗ 32 ಬಿಟ್ ಮಾತ್ರ. ನಮ್ಮ ಗಡಿಯಾರದಲ್ಲಿ 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಜಾಗ ತುಂಬುತ್ತದೆ. ಆಮೇಲೆ ದಿನಾಂಕ ಸರಿಯಾಗಿ ಬರುವುದಿಲ್ಲ. ಫೈಲಿನ ರಚನೆ ಬದಲಿಸುವುದಕ್ಕಿಂತ ಅದನ್ನೇ ಕೈಬಿಡುವುದು ವಾಸಿ ಎಂಬ ತೀರ್ಮಾನಕ್ಕೆ ಅದರ ಡೆವಲಪರ್‌ಗಳು ಬಂದಿದ್ದಾರೆ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಹಿಂದಿನ ಲಾಗಿನ್‌ಗಳನ್ನು ತೋರಿಸುತ್ತಿದ್ದ ಲಾಸ್ಟ್, ಲಾಸ್ಟ್‌ಬಿ, ಲಾಸ್ಟ್‌ಲಾಗ್ ಕಮಾಂಡ್‌ಗಳು ಮೂರೂ ಇಲ್ಲ.

## ಕೈ ಹಾಕುವ ಮೊದಲು

ರೂಟ್ (ಯಂತ್ರದ ಪೂರ್ಣ ಅಧಿಕಾರದ ಖಾತೆ) ಆಗಿ ಲಾಗಿನ್ ಆಗಿರುವ ಒಂದು ಟರ್ಮಿನಲ್ ಕಿಟಕಿಯನ್ನು ತೆರೆದೇ ಇಡಿ. ಎಲ್ಲ ಪರೀಕ್ಷೆಯನ್ನೂ ಇನ್ನೊಂದು ಕಿಟಕಿಯಲ್ಲಿ ಮಾಡಿ. ಇಡೀ ಕೆಲಸ ಮುಗಿದು, ಹೊಸ ಲಾಗಿನ್ ಒಂದು ಸಲ ಸರಿಯಾಗಿ ಆಗುವವರೆಗೆ ಆ ಮೊದಲ ಕಿಟಕಿ ಮುಚ್ಚಬೇಡಿ. ಪ್ಯಾಮ್ ಸಾಲೊಂದು ತಪ್ಪಿದರೆ, ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಕೂಡ ಕೆಲಸ ಮಾಡುವುದಿಲ್ಲ. ಆಗ ಉಳಿಯುವ ದಾರಿ ಆ ಒಂದೇ ಕಿಟಕಿ.

/ಇಟಿಸಿ/ಪ್ಯಾಮ್.ಡಿ ಫೋಲ್ಡರ್ ಅನ್ನು ಪೂರ್ತಿಯಾಗಿ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಒಂದು ನಿಮಿಷದ ಕೆಲಸ.

ಇನ್ನೊಂದು ಮಾತು. ಬಿಟಿಎಂಪಿ ಫೈಲನ್ನಾಗಲಿ, ಅದರ ಪಟ್ಟಿಯನ್ನಾಗಲಿ ಯಾರಿಗೂ ಹಾಗೇ ಕಳಿಸಬೇಡಿ. ಅವಸರದಲ್ಲಿ ಜನ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಹೊಡೆದುಬಿಡುತ್ತಾರೆ. ಅದು ‘ಬಳಕೆದಾರರ ಹೆಸರು’ ಎಂದು ಅಲ್ಲಿ ಬರೆದಿಟ್ಟಿರುತ್ತದೆ, ಪಕ್ಕದ ಸಾಲಿನಲ್ಲೇ ಅದೇ ವ್ಯಕ್ತಿಯ ನಿಜವಾದ ಹೆಸರು.

## ಲಕ್ಷಣ: ‘ಕಮಾಂಡ್ ಸಿಗಲಿಲ್ಲ’ ಅನ್ನುತ್ತಿದೆ

ಲಾಸ್ಟ್‌ಬಿ ಹೊಡೆದರೆ ಹೀಗೆ ಬರುತ್ತದೆ. ಮೊದಲು ಸುಡೋ ಸೇರಿಸಿ ನೋಡಿ. ಕೆಲವು ಸಿಸ್ಟಂಗಳಲ್ಲಿ ಆಡಳಿತದ ಕಮಾಂಡ್‌ಗಳು ಸಾಮಾನ್ಯ ಬಳಕೆದಾರರಿಗೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ ಇರುವುದಿಲ್ಲ. ಆಗಲೂ ಸಿಗದಿದ್ದರೆ ಕಮಾಂಡ್ ನಿಜವಾಗಿಯೂ ಹೋಗಿದೆ. ಸಿಸ್ಟಂ ಕೆಟ್ಟಿಲ್ಲ, ಮರಳಿ ಇನ್‌ಸ್ಟಾಲ್ ಮಾಡಬೇಕಾದ್ದೂ ಇಲ್ಲ.

ಬದಲಿಗೆ ‘ಎಲ್‌ಎಸ್‌ಲಾಗಿನ್ಸ್’ ಕಮಾಂಡ್ ಅನ್ನು ‘ಫೇಲ್ಡ್’ ಆಯ್ಕೆಯ ಜೊತೆ ಕೊಡಿ. ಒಬ್ಬೊಬ್ಬ ಬಳಕೆದಾರನ ಕೊನೆಯ ವಿಫಲ ಪ್ರಯತ್ನದ ವಿವರ ಸಿಗುತ್ತದೆ. ಲಾಸ್ಟ್‌ಬಿಯ ಹಾಗೆ ಎಲ್ಲ ಪ್ರಯತ್ನಗಳ ಉದ್ದ ಪಟ್ಟಿ ಬೇಕಿದ್ದರೆ, ಜರ್ನಲ್ ಎಂಬ ಸಿಸ್ಟಂನ ಹೊಸ ಲಾಗ್ ಸಂಗ್ರಹವನ್ನು ಓದುವ ‘ಜರ್ನಲ್‌ಸಿಟಿಎಲ್’ ಕಡೆ ಹೋಗಬೇಕು. ಲಾಸ್ಟ್‌ಲಾಗ್‌ಗೆ ಬದಲಿ ಲಾಸ್ಟ್‌ಲಾಗ್2, ಲಾಸ್ಟ್‌ಗೆ ಬದಲಿ ಡಬ್ಲ್ಯೂಟಿಎಂಪಿಡಿಬಿ. ಇವು ತಾವಾಗಿ ಬರುವುದಿಲ್ಲ. ಜೋಡಿ ಪ್ಯಾಮ್ ಪ್ಯಾಕೇಜ್ ಸಮೇತ ನೀವೇ ಹಾಕಿಕೊಳ್ಳಬೇಕು. ಬರೀ ಓದುವ ಕಮಾಂಡ್ ಹಾಕಿ ಪ್ಯಾಮ್ ಪ್ಯಾಕೇಜ್ ಬಿಟ್ಟರೆ ಬರೆಯುವವರು ಯಾರೂ ಇರುವುದಿಲ್ಲ, ಪಟ್ಟಿ ಬೆಳೆಯುವುದಿಲ್ಲ.

## ಲಕ್ಷಣ: ಕಮಾಂಡ್ ಓಡುತ್ತದೆ, ಪಟ್ಟಿ ಮಾತ್ರ ಖಾಲಿ

ಇದು ನನಗೆ ಜಾಸ್ತಿ ಭಯ ಹುಟ್ಟಿಸುವ ಲಕ್ಷಣ. ಎಲ್ಲಕ್ಕಿಂತ ಅಗ್ಗದ ಪರೀಕ್ಷೆಯಿಂದ ಶುರು ಮಾಡಿ. ಇನ್ನೊಂದು ಕಂಪ್ಯೂಟರ್‌ನಿಂದ, ದೂರದಿಂದಲೇ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಮೂಲಕ ಬೇಕೆಂದೇ ಒಂದು ಸಲ ತಪ್ಪು ಪಾಸ್‌ವರ್ಡ್ ಕೊಡಿ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಈಗ ಆ ಒಂದು ತಪ್ಪು ಎಲ್ಲಿ ದಾಖಲಾಗಿದೆ ಎಂದು ಹುಡುಕಿ.

ಜರ್ನಲ್‌ಸಿಟಿಎಲ್‌ನಲ್ಲಿ ಎಸ್‌ಎಸ್‌ಎಚ್ ಸೇವೆಯ ಸಾಲುಗಳನ್ನು ತೆಗೆಯಿರಿ. ಸೇವೆಯ ಹೆಸರು ಡೆಬಿಯನ್, ಉಬುಂಟುವಿನಲ್ಲಿ ಎಸ್‌ಎಸ್‌ಎಚ್. ರೆಡ್ ಹ್ಯಾಟ್ ಬಳಗದಲ್ಲಿ ಎಸ್‌ಎಸ್‌ಎಚ್‌ಡಿ. ‘ಫೇಲ್ಡ್ ಪಾಸ್‌ವರ್ಡ್ ಫಾರ್’ ಎಂದು ಶುರುವಾಗಿ, ಬಳಕೆದಾರರ ಹೆಸರು, ಐಪಿ ವಿಳಾಸ, ಪೋರ್ಟ್ ಸಂಖ್ಯೆ ಇರುವ ಸಾಲು ಕಾಣಬೇಕು. ಹೆಸರಿನ ಮುಂಚೆ ‘ಇನ್‌ವ್ಯಾಲಿಡ್ ಯೂಸರ್’ ಅಂತ ಇದ್ದರೆ ಸಾಮಾನ್ಯವಾಗಿ ಆ ಹೆಸರಿನ ಖಾತೆಯೇ ಇಲ್ಲ ಎಂದರ್ಥ. ಊಹೆ ಮಾಡಿ ಬಡಿಯುವವರ ಗುರುತು ಅದು.

ಸಾಲು ಕಾಣಿಸಿತೇ? ಹಾಗಾದರೆ ಸಿಸ್ಟಂ ಬರೆಯುತ್ತಿದೆ, ನಿಮ್ಮ ವರದಿ ಬೇರೆ ಕಡೆ ನೋಡುತ್ತಿದೆ. ಸಾಮಾನ್ಯವಾಗಿ ಸಿಗುವ ಕಾರಣ ಎರಡು. ಒಂದು, ಲಾಗ್‌ಗಳನ್ನು ಪಠ್ಯ ಫೈಲಿಗೆ ಬರೆಯುವ ಆರ್‌ಸಿಸ್‌ಲಾಗ್ ಡೆಬಿಯನ್ 12ರಿಂದ ತಾನಾಗಿ ಬರುವುದಿಲ್ಲ. ಹೊಸದಾಗಿ ಹಾಕಿದ ಯಂತ್ರದಲ್ಲಿ /ವಾರ್/ಲಾಗ್/ಆಥ್.ಲಾಗ್ ಫೈಲೇ ಇರುವುದಿಲ್ಲ. ಅದನ್ನೇ ನಂಬಿದ, ಪದೇ ಪದೇ ತಪ್ಪುವ ವಿಳಾಸಗಳನ್ನು ತಡೆಯುವ ಫೇಲ್2ಬ್ಯಾನ್, ಲಾಗ್ ಫೈಲ್ ಸಿಗಲಿಲ್ಲ ಎಂದು ನಿಂತುಹೋಗುತ್ತದೆ. ಅದು ಜರ್ನಲ್ ಅನ್ನೇ ಓದುವಂತೆ ಅದರ ಸಂರಚನೆಯಲ್ಲಿ ಬ್ಯಾಕೆಂಡ್ ಅನ್ನು ಸಿಸ್ಟಂಡಿ ಎಂದು ಬದಲಿಸಿ. ಎರಡು, 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಿಂದ ಒಂದೊಂದು ಸಂಪರ್ಕವನ್ನೂ ನೋಡಿಕೊಳ್ಳುವುದು ‘ಎಸ್‌ಎಸ್‌ಎಚ್‌ಡಿ-ಸೆಷನ್’ ಎಂಬ ಬೇರೆ ಪ್ರೋಗ್ರಾಂ. ಲಾಗ್ ಸಾಲಿನಲ್ಲಿ ಬರುವ ಹೆಸರೂ ಅದೇ. ‘ಎಸ್‌ಎಸ್‌ಎಚ್‌ಡಿ’ ಎಂಬ ಹಳೆಯ ಹೆಸರಿನ ಪಕ್ಕ ಚೌಕ ಆವರಣ ಹುಡುಕುವ, ನಾವೇ ಬರೆದುಕೊಂಡ ಸ್ಕ್ರಿಪ್ಟ್‌ಗಳಿಗೆ ಈ ಸಾಲುಗಳು ಕಣ್ಣಿಗೇ ಬೀಳುವುದಿಲ್ಲ.

ಸಾಲು ಕಾಣಿಸಲಿಲ್ಲವೇ? ಸುಡೋ ಹಾಕಿದ್ದೀರಾ ನೋಡಿ. ಸಾಮಾನ್ಯ ಬಳಕೆದಾರರಿಗೆ ಜರ್ನಲ್ ತಮ್ಮ ಸಾಲುಗಳನ್ನಷ್ಟೇ ತೋರಿಸುತ್ತದೆ. ಆಮೇಲೆ ರೀಬೂಟ್ ಏನಾದರೂ ಆಯಿತೇ ಯೋಚಿಸಿ. /ವಾರ್/ಲಾಗ್/ಜರ್ನಲ್ ಫೋಲ್ಡರ್ ಇಲ್ಲದ ಯಂತ್ರದಲ್ಲಿ ಜರ್ನಲ್ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ರೀಬೂಟ್ ಆದರೆ ಹೋಯಿತು.

ಬಿಟಿಎಂಪಿಯನ್ನು ಇನ್ನೂ ಬಳಸುವ ಹಳೆಯ ಸಿಸ್ಟಂನಲ್ಲಿ ಪಟ್ಟಿ ಖಾಲಿ ಬಂದರೆ ಫೈಲ್ ಇದೆಯೇ, ಅದರ ಅನುಮತಿ ಏನು ನೋಡಿ. ಯಾರೋ ಅದನ್ನು ಎಲ್ಲರೂ ಓದುವಂತೆ ಸಡಿಲ ಮಾಡಿದ್ದರೆ ಎಸ್‌ಎಸ್‌ಎಚ್ ಅದರಲ್ಲಿ ಬರೆಯಲು ಒಪ್ಪುವುದಿಲ್ಲ. ಮಾಲೀಕ ರೂಟ್, ಅನುಮತಿ 0600 ಅಥವಾ ಯುಟಿಎಂಪಿ ಗುಂಪಿನ ಜೊತೆ 0660 ಇರಬೇಕು.

## ಲಕ್ಷಣ: ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಬ್ಬರಿಗೆ ಮಾತ್ರ ಬಾಗಿಲು ತೆರೆಯುತ್ತಿಲ್ಲ

ಒಬ್ಬರಿಗೆ ಮಾತ್ರ ಅಂದರೆ ತೊಂದರೆ ಆ ಖಾತೆಯದು. ಮೊದಲು ಕೀಬೋರ್ಡ್ ನೋಡಿ. ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಇದು ತುಂಬಾ ಸಹಜ. ಕಗಪ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಬರೆಯುತ್ತಾ ಇದ್ದವರು ಎದ್ದು ಹೋಗಿರುತ್ತಾರೆ, ಪರದೆ ಲಾಕ್ ಆಗಿರುತ್ತದೆ. ಮರಳಿ ಬಂದು ಪಾಸ್‌ವರ್ಡ್ ಹೊಡೆದರೆ ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣುತ್ತವೆ. ಒಳಗೆ ಬೀಳುತ್ತಿರುವುದು ಕನ್ನಡ ಅಕ್ಷರ. ಮೂರು ಸಲ ಹೊಡೆಯುವಷ್ಟರಲ್ಲಿ ಖಾತೆ ಲಾಕ್. ಆಮೇಲೆ ವಿನ್ಯಾಸ ಬದಲಿಸಿ ಸರಿಯಾಗಿ ಹೊಡೆದರೂ ಪ್ರಯೋಜನವಿಲ್ಲ.

ಆಗ ರೂಟ್ ಕಿಟಕಿಯಲ್ಲಿ ‘ಫೇಲ್‌ಲಾಕ್’ ಕಮಾಂಡ್ ಅನ್ನು ಆ ಬಳಕೆದಾರರ ಹೆಸರಿನೊಂದಿಗೆ ಕೊಡಿ. ನಾಲ್ಕು ಕಾಲಂಗಳು ಬರುತ್ತವೆ: ಯಾವಾಗ, ಯಾವ ಬಗೆ, ಎಲ್ಲಿಂದ, ಲೆಕ್ಕಕ್ಕೆ ಉಂಟೇ ಎಂದು. ಬಗೆಯ ಜಾಗದಲ್ಲಿ ‘ಟಿಟಿವೈ’ ಇದ್ದರೆ ಸಾಮಾನ್ಯವಾಗಿ ಯಂತ್ರದ ಮುಂದೆ ಕೂತವರ, ಇಲ್ಲವೇ ಆಗಲೇ ಒಳಗಿದ್ದು ಸುಡೋ ಹೊಡೆದವರ ತಪ್ಪು. ‘ಆರ್‌ಹೋಸ್ಟ್’ ಇದ್ದರೆ ಹೊರಗಿನಿಂದ ಬಂದದ್ದು, ಪಕ್ಕದಲ್ಲಿ ಐಪಿ ವಿಳಾಸ ಇರುತ್ತದೆ. ಆ ವಿಳಾಸ ಆ ವ್ಯಕ್ತಿಯ ಮನೆಯದೋ ಕಚೇರಿಯದೋ ಆಗಿದ್ದರೆ ಫೋನಿನಲ್ಲೋ ಮೇಲ್ ಪ್ರೋಗ್ರಾಂನಲ್ಲೋ ಹಳೆಯ ಪಾಸ್‌ವರ್ಡ್ ಉಳಿದುಕೊಂಡಿರಬಹುದು. ಗುರುತೇ ಇಲ್ಲದ ವಿಳಾಸವಾದರೆ ಲಾಕ್ ತೆಗೆಯುವುದಕ್ಕೆ ಮುಂಚೆ ಆ ಪಟ್ಟಿಯನ್ನು ಉಳಿಸಿಕೊಳ್ಳಿ. ‘ರೀಸೆಟ್’ ಕೊಟ್ಟ ಕೂಡಲೇ ಸಾಕ್ಷಿ ಅಳಿಸಿಹೋಗುತ್ತದೆ.

ಫೇಲ್‌ಲಾಕ್ ತಾನಾಗಿ ಇಟ್ಟುಕೊಳ್ಳುವ ನಿಯಮ ಇದು: 900 ಸೆಕೆಂಡಿನೊಳಗೆ 3 ತಪ್ಪಾದರೆ 600 ಸೆಕೆಂಡ್ ಲಾಕ್. ಹತ್ತು ನಿಮಿಷ ಕಾದರೆ ತಾನೇ ತೆರೆಯುತ್ತದೆ. ಬದಲಿಸಬೇಕಿದ್ದರೆ /ಇಟಿಸಿ/ಸೆಕ್ಯುರಿಟಿ ಒಳಗಿನ ಫೇಲ್‌ಲಾಕ್.ಕಾನ್ಫ್ ಫೈಲಿನಲ್ಲಿ ಬದಲಿಸಿ.

ಫೇಲ್‌ಲಾಕ್ ಪಟ್ಟಿ ಖಾಲಿಯಿದ್ದೂ ಬಾಗಿಲು ತೆರೆಯದಿದ್ದರೆ ಲಾಕ್ ಬೇರೆ ಕಡೆ ಇದೆ. ‘ಪಾಸ್‌ಡಬ್ಲ್ಯೂಡಿ’ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ನೋಡಿ. ಹೆಸರಿನ ಮುಂದೆ ‘ಎಲ್’ ಬಂದರೆ ಆಡಳಿತಗಾರರೇ ಪಾಸ್‌ವರ್ಡ್ ಲಾಕ್ ಮಾಡಿದ್ದಾರೆ. ಅದನ್ನು ಅವರನ್ನು ಕೇಳದೆ ತೆಗೆಯಬೇಡಿ.

## ಲಕ್ಷಣ: ಅಪ್‌ಗ್ರೇಡ್ ಆದ ಮೇಲೆ ಯಾರಿಗೂ ಲಾಗಿನ್ ಆಗುತ್ತಿಲ್ಲ

ಎಲ್ಲರಿಗೂ ಅಂದರೆ ಪ್ಯಾಮ್ ಸಾಲುಗಳಲ್ಲಿ ತಪ್ಪಿದೆ. ತೆರೆದಿಟ್ಟ ಕಿಟಕಿಯಲ್ಲಿ ಜರ್ನಲ್ ನೋಡಿ. ‘ಪ್ಯಾಮ್ ಅನೇಬಲ್ ಟು ಡಿಎಲ್‌ಓಪನ್’ ಎಂಬ ಸಾಲು, ಅದರಲ್ಲಿ ಪ್ಯಾಮ್ ಟ್ಯಾಲಿ2ರ ಹೆಸರು, ಕೆಳಗೆ ‘ಆ್ಯಡಿಂಗ್ ಫಾಲ್ಟಿ ಮಾಡ್ಯೂಲ್’ ಎಂದು ಇದ್ದರೆ ಕಾರಣ ಸಿಕ್ಕಿತು. ಹಳೆಯ ಸಂರಚನೆ ಇಲ್ಲದ ಮಾಡ್ಯೂಲ್ ಅನ್ನು ಕರೆಯುತ್ತಿದೆ. ಅದು ‘ರಿಕ್ವೈರ್ಡ್’ ಎಂದು ಬರೆದಿರುವುದರಿಂದ, ಸಿಗದಿದ್ದರೆ ಇಡೀ ಲಾಗಿನ್ ಸೋತಂತೆ. /ಇಟಿಸಿ/ಪ್ಯಾಮ್.ಡಿ ಪೂರ್ತಿ ‘ಟ್ಯಾಲಿ’ ಪದ ಹುಡುಕಿ. ಪಾಸ್‌ವರ್ಡ್ ಪರೀಕ್ಷಿಸುವ ಆಥ್ ಸಾಲಿನಲ್ಲಿ ಮಾತ್ರ ಅಲ್ಲ, ಖಾತೆಗೆ ಒಳಬರಲು ಅನುಮತಿ ಇದೆಯೇ ನೋಡುವ ಅಕೌಂಟ್ ಸಾಲಿನಲ್ಲೂ ಇರುತ್ತದೆ. ಸಿಕ್ಕ ಸಾಲುಗಳ ಮುಂದೆ ಹ್ಯಾಶ್ ಗುರುತು ಹಾಕಿ ಉಳಿಸಿ, ಎರಡನೇ ಕಿಟಕಿಯಲ್ಲಿ ಲಾಗಿನ್ ಮಾಡಿ ನೋಡಿ.

ಇನ್ನೊಂದು ಬಗೆ ಇದಕ್ಕಿಂತ ಸೂಕ್ಷ್ಮ. ಟ್ಯಾಲಿ ತೆಗೆದು ಫೇಲ್‌ಲಾಕ್ ಸೇರಿಸಿದ ಮೇಲೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಎಲ್ಲರಿಗೂ ‘ಇಲ್ಲ’ ಅನ್ನುತ್ತದೆ. ಡೆಬಿಯನ್, ಉಬುಂಟುವಿನ ಕಾಮನ್-ಆಥ್ ಫೈಲಿನಲ್ಲಿ ಪ್ಯಾಮ್ ಯುನಿಕ್ಸ್ ಸಾಲಿನ ಪಕ್ಕ ‘ಸಕ್ಸೆಸ್=1’ ಎಂದಿರುತ್ತದೆ. ಪಾಸ್‌ವರ್ಡ್ ಸರಿಯಿದ್ದರೆ ಕೆಳಗಿನ ಒಂದು ಸಾಲು ಬಿಟ್ಟು ಮುಂದೆ ಹೋಗು ಎಂದು ಅದರ ಅರ್ಥ. ಆ ಕೆಳಗಿನ ಸಾಲು ಪ್ಯಾಮ್ ಡಿನೈ, ಅಂದರೆ ‘ಬೇಡ’ ಎನ್ನುವ ಸಾಲು. ಈಗ ನಾವು ನಡುವೆ ಫೇಲ್‌ಲಾಕ್‌ನ ‘ಆಥ್‌ಫೇಲ್’ ಸಾಲು ಸೇರಿಸಿದೆವು. ಒಂದು ಸಾಲು ದಾಟಿದವರು ಈಗ ನೇರವಾಗಿ ‘ಬೇಡ’ದ ಮೇಲೆ ಬಂದು ಬೀಳುತ್ತಾರೆ. 1 ಅನ್ನು 2 ಮಾಡಿ, ಅಷ್ಟೇ.

ಇದನ್ನು ಗುರುತಿಸಲು ಒಂದು ಒಳ್ಳೆಯ ಉಪಾಯವಿದೆ. ತಪ್ಪು ಪಾಸ್‌ವರ್ಡ್ ಕೊಟ್ಟರೆ ಫೇಲ್‌ಲಾಕ್ ಎಣಿಕೆ ಏರುತ್ತದೆ. ಸರಿಯಾದದ್ದು ಕೊಟ್ಟರೆ ಲಾಗಿನ್ ಆಗುವುದಿಲ್ಲ, ಎಣಿಕೆಯೂ ಏರುವುದಿಲ್ಲ. ಹೀಗಾದರೆ ಪಾಸ್‌ವರ್ಡ್ ಒಪ್ಪಿಗೆಯಾಗಿದೆ, ಜಿಗಿತ ತಪ್ಪಿದೆ.

ರೆಡ್ ಹ್ಯಾಟ್ ಬಳಗದಲ್ಲಿ ಈ ಫೈಲುಗಳನ್ನು ಕೈಯಲ್ಲಿ ತಿದ್ದಲೇಬೇಡಿ. ಆಥ್‌ಸೆಲೆಕ್ಟ್ ಕಮಾಂಡ್‌ನಲ್ಲಿ ‘ವಿತ್-ಫೇಲ್‌ಲಾಕ್’ ಎಂಬ ಸೌಲಭ್ಯ ಇದೆ. ಅದನ್ನು ಶುರು ಮಾಡಿದರೆ ಸಾಲುಗಳನ್ನು ಅದೇ ಸರಿಯಾಗಿ ಜೋಡಿಸುತ್ತದೆ.

ತೆರೆದ ಕಿಟಕಿಯೇ ಇಲ್ಲದಿದ್ದರೆ? ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಫೈಲ್) ಇದ್ದರೆ ಅದರಿಂದ ಪ್ರಯತ್ನಿಸಿ. ಕೀ ಬಳಸಿದಾಗ ಪ್ಯಾಮ್‌ನ ಆಥ್ ಸಾಲುಗಳು ಓಡುವುದಿಲ್ಲ. ಅಕೌಂಟ್ ಸಾಲಿನಲ್ಲೂ ಟ್ಯಾಲಿ ಇದ್ದರೆ ಇದೂ ಸೋಲುತ್ತದೆ. ಆಗ ಯಂತ್ರದ ಮುಂದೆ ಕೂತು, ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಕರ್ನಲ್ ಸಾಲಿನ ಕೊನೆಗೆ ಇನಿಟ್ ಜಾಗದಲ್ಲಿ ಬ್ಯಾಶ್ ಕೊಟ್ಟು ಬೂಟ್ ಮಾಡಿ, ಡಿಸ್ಕ್ ಅನ್ನು ಬರೆಯುವಂತೆ ಮೌಂಟ್ ಮಾಡಿ ತಿದ್ದಬೇಕು. ಇದನ್ನು ಹಿಂದೆ ಮಾಡಿ ಗೊತ್ತಿಲ್ಲದಿದ್ದರೆ, ಅದರಲ್ಲೂ ಬ್ಯಾಕಪ್ ಇಲ್ಲದ ಯಂತ್ರವಾದರೆ, ಇಲ್ಲಿಗೆ ನಿಲ್ಲಿಸಿ ಗೊತ್ತಿರುವವರನ್ನು ಕರೆಯಿರಿ.

## ಲಕ್ಷಣ: ಎಷ್ಟು ಸಲ ತಪ್ಪಿದರೂ ಲಾಕ್ ಆಗುತ್ತಲೇ ಇಲ್ಲ

ನೀವು ಕೀ ಬಳಸಿ ಪರೀಕ್ಷೆ ಮಾಡುತ್ತಿದ್ದೀರಾ? ಹಾಗಾದರೆ ಎಣಿಕೆ ಆಗುವುದಿಲ್ಲ. ರೂಟ್ ಖಾತೆಯಲ್ಲಿ ಪರೀಕ್ಷೆಯೇ? ‘ಈವನ್ ಡಿನೈ ರೂಟ್’ ಆಯ್ಕೆ ಹಾಕದ ಹೊರತು ರೂಟ್ ಲಾಕ್ ಆಗುವುದಿಲ್ಲ. ಇವೆರಡೂ ಅಲ್ಲದಿದ್ದರೆ ಪ್ಯಾಮ್ ಫೈಲಿನಲ್ಲಿ ಪ್ಯಾಮ್ ಯುನಿಕ್ಸ್‌ನ ಮೇಲೆ ‘ಪ್ರೀಆಥ್’ ಸಾಲು, ಕೆಳಗೆ ‘ಆಥ್‌ಫೇಲ್’ ಸಾಲು, ಎರಡೂ ಇವೆಯೇ ನೋಡಿ. ಎಣಿಸುವುದು ಕೆಳಗಿನದು, ತಡೆಯುವುದು ಮೇಲಿನದು. ಒಂದೇ ಇದ್ದರೆ ಕೆಲಸ ಅರ್ಧ.

ರೀಬೂಟ್ ಆದ ಕೂಡಲೇ ಲಾಕ್ ಮಾಯವಾದರೆ ಅದು ದೋಷವಲ್ಲ. ಎಣಿಕೆ ಇರುವುದು /ವಾರ್/ರನ್/ಫೇಲ್‌ಲಾಕ್‌ನಲ್ಲಿ, ಅದು ಮೆಮೊರಿಯ ಜಾಗ. ಉಳಿಯಬೇಕೆಂದರೆ ಬೇರೆ ಫೋಲ್ಡರ್ ಕೊಡಿ. ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಭದ್ರತಾ ವ್ಯವಸ್ಥೆ ಇರುವ ಯಂತ್ರದಲ್ಲಿ ಆ ಫೋಲ್ಡರ್‌ಗೆ ಫೇಲ್‌ಲಾಗ್‌ನ ಲೇಬಲ್ ಕೊಡುವುದನ್ನು ಮರೆಯಬೇಡಿ.

ಇಲ್ಲೊಂದು ಎಚ್ಚರಿಕೆ. ಫೇಲ್‌ಲಾಕ್ ಎಣಿಸುವುದು ಹೆಸರಿನ ಮೇಲೆ. ನಿಮ್ಮ ಬಳಕೆದಾರರ ಹೆಸರು ಗೊತ್ತಿರುವ ಯಾರು ಬೇಕಾದರೂ ಬೇಕೆಂದೇ ಮೂರು ಸಲ ತಪ್ಪಿ ನಿಮ್ಮನ್ನು ಹೊರಗೆ ಹಾಕಬಹುದು. ಇಂಟರ್‌ನೆಟ್‌ಗೆ ತೆರೆದ ಸರ್ವರ್‌ನಲ್ಲಿ ರೂಟ್‌ಗೂ ಲಾಕ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀ ಮಾತ್ರ ಇಡುವುದು ಅದಕ್ಕಿಂತ ಗಟ್ಟಿ ದಾರಿ.

## ಲಕ್ಷಣ: ಫೇಲ್‌ಲಾಗ್ ಅಥವಾ ಲಾಸ್ಟ್‌ಲಾಗ್ ನೂರಾರು ಜಿಬಿ ಇದೆ

ಗಾಬರಿ ಬೇಡ. ‘ಎಲ್‌ಎಸ್’ ತೋರಿಸುವ ಗಾತ್ರ ಬಿಡಿ, ‘ಡಿಯು’ ಏನು ಹೇಳುತ್ತದೆ ನೋಡಿ. ಬಹುಪಾಲು ಕೆಲವೇ ಕೆಬಿ ಇರುತ್ತದೆ. ಈ ಫೈಲುಗಳಲ್ಲಿ ಪ್ರತಿ ಬಳಕೆದಾರ ಸಂಖ್ಯೆಗೂ ಒಂದು ಗೂಡು. ಲಾಸ್ಟ್‌ಲಾಗ್‌ನಲ್ಲಿ ಒಂದು ಗೂಡಿಗೆ 292 ಬೈಟ್. 400 ಕೋಟಿ ದಾಟಿದ ಸಂಖ್ಯೆಯ ಒಬ್ಬ ಬಳಕೆದಾರ ಬಂದರೂ ಸಾಕು, ಫೈಲಿನ ತೋರಿಕೆಯ ಗಾತ್ರ ಒಂದು ಟಿಬಿ ಮೀರುತ್ತದೆ. ನಡುವಿನ ಖಾಲಿ ಗೂಡುಗಳಿಗೆ ಡಿಸ್ಕ್ ಖರ್ಚಾಗುವುದಿಲ್ಲ.

ನಿಜವಾದ ತೊಂದರೆ ಬರುವುದು ಆ ಖಾಲಿಯನ್ನು ಗುರುತಿಸದ ಪ್ರೋಗ್ರಾಂ ಕಾಪಿ ಮಾಡಿದಾಗ. ಪ್ರೋಗ್ರಾಂಗಳನ್ನು ಪೊಟ್ಟಣ ಕಟ್ಟುವ ಡಾಕರ್‌ನಲ್ಲಿ ಇಮೇಜ್ ಕಟ್ಟುವಾಗ ದೊಡ್ಡ ಸಂಖ್ಯೆಯ ಬಳಕೆದಾರನನ್ನು ಸೇರಿಸಿದರೆ ಫೇಲ್‌ಲಾಗ್ ಬರೀ ಸೊನ್ನೆಗಳಿಂದ ಉಬ್ಬಿ ಡಿಸ್ಕ್ ತುಂಬಿಬಿಡುತ್ತದೆ. ‘ಯೂಸರ್‌ಆ್ಯಡ್’ಗೆ ‘ನೋ-ಲಾಗ್-ಇನಿಟ್’ ಆಯ್ಕೆ ಕೊಟ್ಟರೆ ಇದು ತಪ್ಪುತ್ತದೆ.

ಬಿಟಿಎಂಪಿ ದೊಡ್ಡದಾಗಿದ್ದರೆ ಮಾತ್ರ ಅದು ನಿಜವಾದ ತೂಕ. ಅಷ್ಟು ಜನ ಬಾಗಿಲು ಬಡಿದಿದ್ದಾರೆ ಅಂತಲೇ ಅರ್ಥ.

## ಹಳೆಯದನ್ನು ಅಳಿಸುವ ಮುನ್ನ, ಮತ್ತು ಯಾವಾಗ ನಿಲ್ಲಿಸಬೇಕು

ಡೆಬಿಯನ್ 13ಕ್ಕೆ ಹೋದ ಮೇಲೆ ಹಳೆಯ ಬಿಟಿಎಂಪಿ ಫೈಲುಗಳನ್ನು ಓದುವ ಸಾಧನ ಉಳಿಯುವುದಿಲ್ಲ, ಅಳಿಸಬಹುದು ಎಂದು ಡೆಬಿಯನ್‌ನವರೇ ಹೇಳುತ್ತಾರೆ. ನಮ್ಮ ದೇಶದ ಸಂಸ್ಥೆಗಳಿಗೆ ಅದು ಅಷ್ಟು ಸಲೀಸಲ್ಲ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಟ್ಟ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಐಟಿ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಹಾಗಾಗಿ ಅಪ್‌ಗ್ರೇಡ್‌ಗೆ ಮೊದಲೇ, ಲಾಸ್ಟ್‌ಬಿ ಇನ್ನೂ ಜೀವಂತ ಇರುವಾಗಲೇ, ದೊಡ್ಡ ಎಫ್ ಆಯ್ಕೆ ಕೊಟ್ಟು ಪೂರ್ತಿ ದಿನಾಂಕದ ಸಮೇತ ಪಟ್ಟಿಯನ್ನು ಪಠ್ಯ ಫೈಲಾಗಿ ಉಳಿಸಿ. ಸಿಸ್ಟಂ ಹೆಸರು ಬದಲಿಸಿ ಪಕ್ಕಕ್ಕಿಟ್ಟ ಹಳೆಯ ಬಿಟಿಎಂಪಿ.1 ಫೈಲನ್ನೂ ಬಿಡಬೇಡಿ.

ಹೊಸ ಜರ್ನಲ್‌ಗೂ ಒಂದು ಮಿತಿ ಇದೆ. ತಾನಾಗಿ ಅದು ಡಿಸ್ಕ್‌ನ ಶೇ. 10ರಷ್ಟು, ಹೆಚ್ಚೆಂದರೆ 4 ಜಿಬಿ ಇಟ್ಟುಕೊಳ್ಳುತ್ತದೆ. ದಾಳಿ ಜೋರಾದರೆ 180 ದಿನ ಆಗುವ ಮೊದಲೇ ಹಳೆಯ ಸಾಲುಗಳನ್ನು ಹೊರಗೆ ತಳ್ಳುತ್ತದೆ. ಮಿತಿ ಹೆಚ್ಚಿಸಿ, ಇಲ್ಲವೇ ಲಾಗ್‌ಗಳನ್ನು ಬೇರೆ ಯಂತ್ರಕ್ಕೆ ಕಳಿಸಿ.

ಇಷ್ಟೆಲ್ಲ ಹುಡುಕುವಾಗ ಗುರುತಿಲ್ಲದ ಐಪಿಯಿಂದ ‘ಫೇಲ್ಡ್’ ಸಾಲುಗಳು ಸಾಲಾಗಿ ಬಂದು, ಕೊನೆಗೆ ಅದೇ ವಿಳಾಸದಿಂದ ‘ಅಕ್ಸೆಪ್ಟೆಡ್ ಪಾಸ್‌ವರ್ಡ್’ ಎಂಬ ಒಂದು ಸಾಲು ಕಂಡರೆ, ಕೈ ತೆಗೆಯಿರಿ. ಯಾರೋ ಒಳಗೆ ಬಂದಿದ್ದಾರೆ. ರೀಬೂಟ್ ಮಾಡಬೇಡಿ, ಏನನ್ನೂ ಅಳಿಸಬೇಡಿ, ಯಂತ್ರವನ್ನು ನೆಟ್‌ವರ್ಕ್‌ನಿಂದ ಬಿಡಿಸಿ ಭದ್ರತೆ ನೋಡಿಕೊಳ್ಳುವವರಿಗೆ ಕೂಡಲೇ ಹೇಳಿ. ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂದು ಅದೇ ನಿರ್ದೇಶನ ಹೇಳುತ್ತದೆ. ಲಾಗ್‌ಗಳು ಇದ್ದಕ್ಕಿದ್ದಂತೆ ಒಂದು ಗಂಟೆಯಷ್ಟು ಖಾಲಿ ಇದ್ದರೂ, ಆ ಹೊತ್ತಿನಲ್ಲಿ ಅಪ್‌ಗ್ರೇಡ್ ಏನೂ ಆಗಿರದಿದ್ದರೆ, ಇದನ್ನೇ ಮಾಡಿ.

ಅಂಥದ್ದೇನೂ ಕಾಣದಿದ್ದರೆ ವರದಿಯ ಸ್ಕ್ರಿಪ್ಟ್‌ಗೆ ಮರಳಿ. ನನ್ನದರಲ್ಲಿ ಎರಡು ಬದಲಾವಣೆ ಮಾಡಿದ್ದೇನೆ. ಕಮಾಂಡ್ ಸಿಗದಿದ್ದರೆ ಸಂಖ್ಯೆಯ ಜಾಗದಲ್ಲಿ ‘ಎಣಿಸಲು ಆಗಲಿಲ್ಲ’ ಎಂದು ಬರುತ್ತದೆ. ಮತ್ತೆ ಪ್ರತಿ ಭಾನುವಾರ ರಾತ್ರಿ ಇನ್ನೊಂದು ಯಂತ್ರದಿಂದ, ಇಲ್ಲದ ಒಂದು ಹೆಸರಿನಲ್ಲಿ, ಒಂದು ತಪ್ಪು ಲಾಗಿನ್ ತಾನಾಗಿ ನಡೆಯುತ್ತದೆ. ಸೋಮವಾರದ ವರದಿಯಲ್ಲಿ ಆ ಹೆಸರು ಕಾಣದಿದ್ದರೆ ಮಿಕ್ಕ ಯಾವ ಸಂಖ್ಯೆಯನ್ನೂ ನಾನು ಓದುವುದಿಲ್ಲ, ಮೊದಲು ಲಾಗ್ ಯಾಕೆ ನಿಂತಿತು ಎಂದು ನೋಡುತ್ತೇನೆ.